ಅಂಚೆಯ ಅನ್ಸೆಲ್ಮನ ಅಗ್ಗದ ಚಾಕು

ನಮ್ಮ ವೆರ್ಲಾಕಿನಲ್ಲಿ ಗಂಡಸಿಗೆ ಟೋಪಿ ಇಲ್ಲದಿದ್ದರೂ ನಡೆಯುತ್ತದೆ, ಹಲ್ಲಿಲ್ಲದಿದ್ದರೂ ನಡೆಯುತ್ತದೆ. ಬುದ್ಧಿಯಿಲ್ಲದೆ ತುಂಬು ಆಯುಷ್ಯ ಸುಖವಾಗಿ ಬಾಳಿಹೋದವರ ಗೋರಿಗಳಂತೂ ಇಗರ್ಜಿಯ ಹಿಂದೆ ಸಾಲಾಗಿ ಇವೆ. ಆದರೆ ಜೇಬಿನಲ್ಲಿ ಮಡಚುವ ಚಾಕು ಇಲ್ಲದೆ ನಡೆಯುವುದಿಲ್ಲ. ಊಟದ ಮೇಜಿನ ಮೇಲೆ ಹೆಂಗಸರು ತಟ್ಟೆ ಇಡುತ್ತಾರೆ, ಫೋರ್ಕು ಇಡುತ್ತಾರೆ, ಬ್ರೆಡ್ಡು ಇಡುತ್ತಾರೆ. ಚಾಕು ಮಾತ್ರ ಅವರವರ ಜೇಬಿನಿಂದ ಬರಬೇಕು. ಮೇಜಿನ ತಲೆಗೆ ಕೂತ ಯಜಮಾನ ಚಾಕು ಬಿಚ್ಚಿದನೆಂದರೆ ಊಟ ಶುರು. ಮಡಚಿದನೆಂದರೆ ಊಟ ಮುಗಿಯಿತು. ಬಾಯಿಗೆ ಹೊರಟ ತುತ್ತು ತಟ್ಟೆಗೆ ವಾಪಸು, ಎಲ್ಲರೂ ಎದ್ದು ನಿಲ್ಲಬೇಕು. ಪಾದ್ರಿಗಳು ಇದನ್ನು ಬೋಧಿಸಿಲ್ಲ, ಸರ್ಕಾರ ಕಾನೂನು ಮಾಡಿಲ್ಲ. ಆದರೂ ಹತ್ತು ಆಜ್ಞೆಗಳಲ್ಲಿ ಎರಡು ಮೂರನ್ನು ಮುರಿದವರು ಊರಲ್ಲಿ ಸಿಕ್ಕಾರೇ ಹೊರತು ಈ ಒಂದನ್ನು ಮುರಿದವರು ಸಿಗಲಾರರು.

ಇಂಥ ಊರಿನಲ್ಲಿ, ಮಗಳ ಮದುವೆಯ ಮಾತುಕತೆಗೆ ವಾರವಿರುವಾಗ, ಅಂಚೆಯ ಅನ್ಸೆಲ್ಮ್ ತನ್ನ ಅಪ್ಪನ ಕಾಲದ ಚಾಕುವನ್ನು ಸಾರ್ಡೀನ್ ಮೀನಿನ ಡಬ್ಬಿಯ ಮೇಲೆ ಪ್ರಯೋಗಿಸಿ ಎರಡು ತುಂಡು ಮಾಡಿಕೊಂಡ.

"ಡಬ್ಬಿ ಬಿಚ್ಚೋಕೆ ಅಂತ್ಲೇ ಮನೇಲಿ ಒಂದು ಕೊಕ್ಕೆ ಇದೆಯಲ್ರೀ!" ಎಂದು ಹೆಂಡತಿ ಓಡೀಲ್ ಹಣೆ ಚಚ್ಚಿಕೊಂಡಳು. "ಭಾನುವಾರ ತಿಯೊಡೋರ್ ಬರ್ತಾರೆ. ನೀವು ಮೇಜಿನ ತಲೆಗೆ ಏನು ಹಿಡ್ಕೊಂಡು ಕೂರ್ತೀರಾ? ಚಮಚಾನಾ?"

ಈ ತಿಯೊಡೋರ್ ಯಾರೆಂದು ಹೇಳಿಬಿಡಬೇಕು. ಮೇಲಿನ ಹಳ್ಳಿಯ ದೊಡ್ಡ ರೈತ. ಓಬ್ರಾಕ್ ಬಯಲಿನಲ್ಲಿ ಅವನಷ್ಟು ಒಳ್ಳೆಯ ಹಸುಗಳೂ ಇಲ್ಲ, ಅವನಷ್ಟು ಬಿಗಿಯಾದ ಬಾಯಿಯೂ ಇಲ್ಲ. ಅವನ ಮಗ ರೆಜಿಸ್‌ಗೂ ಅನ್ಸೆಲ್ಮನ ಮಗಳು ಸೊಲಾಂಜಳಿಗೂ ಮನಸ್ಸು ಕೂಡಿ ಎರಡು ಸುಗ್ಗಿ ಕಳೆದಿತ್ತು. ಹುಡುಗ ಒಪ್ಪಿದ್ದ, ಹುಡುಗಿ ಒಪ್ಪಿದ್ದಳು, ಎರಡೂ ಮನೆಯ ತಾಯಂದಿರು ಒಪ್ಪಿ ಬಟ್ಟೆಯ ಲೆಕ್ಕವನ್ನೂ ಶುರುಮಾಡಿದ್ದರು. ಬಾಕಿ ಇದ್ದದ್ದು ತಿಯೊಡೋರನ ಒಂದು ಮಾತು. ಅದನ್ನು ಆತ ಹುಡುಗಿಯ ಮನೆಯಲ್ಲಿ ಕೂತು ಉಂಡು, ಹೇಗೆ ಉಣ್ಣುತ್ತಾರೆಂದು ನೋಡಿದ ಮೇಲೆಯೇ ಆಡುವವನು.

ಹೀಗಾಗಿ ಅನ್ಸೆಲ್ಮ್ ಅಂಚೆಯ ಟೋಪಿಯನ್ನು ನೆಟ್ಟಗೆ ಮಾಡಿಕೊಂಡು ಪೇಟೆಯ ಸಂತೆಗೆ ಹೋದ. ಚಾಕು ಮಾರುವವನ ಮುಂದೆ ಮಖಮಲ್ಲಿನ ಮೇಲೆ ಕೊಂಬಿನ ಹಿಡಿಯ ಚಾಕುಗಳು ಮಲಗಿದ್ದವು. ಒಂದನ್ನು ಎತ್ತಿ ಬೆಲೆ ಕೇಳಿದ. ಕೇಳಿದ ಕೂಡಲೇ ಕೆಮ್ಮು ಬಂತು.

"ಬೆಲೆ ಕೇಳಿ ಕೆಮ್ಮೋರಿಗೆ ಈ ಕಡೆ ಬುಟ್ಟಿ ಇದೆ ಸ್ವಾಮಿ," ಎಂದ ವ್ಯಾಪಾರಿ ಬಹಳ ಮರ್ಯಾದೆಯಿಂದ.

ಬುಟ್ಟಿಯಲ್ಲಿ ಬೀಚ್ ಮರದ ಹಿಡಿಯ ಚಾಕುಗಳು ಆಲೂಗಡ್ಡೆಯ ಹಾಗೆ ಬಿದ್ದಿದ್ದವು. ಅನ್ಸೆಲ್ಮ್ ಒಂದನ್ನು ಆರಿಸಿದ. ಚೌಕಾಸಿ ಮಾಡಲು ಮುಖ ಬಾರದಷ್ಟು ಅಗ್ಗ. ಆದರೆ ಹಿಡಿಯ ಹೊಟ್ಟೆ ಚೂರು ಉಬ್ಬಿತ್ತು. ಅಂಗೈಗೆ ಬಂದು ಕೂತ ಮೇಲೆ ಅದು ಏಳುವ ಮನಸ್ಸನ್ನೇ ಮಾಡಲಿಲ್ಲ. ವ್ಯಾಪಾರಿ ಅದನ್ನು ಕೈಗೆ ತೆಗೆದುಕೊಂಡು ಮಡಚಿ ತೋರಿಸಿದ.

ತಟಕ್!

ಪಕ್ಕದ ಗಾಡಿಯ ಕುದುರೆ ಎರಡು ಕಿವಿ ನಿಮಿರಿಸಿತು. "ಸ್ಪ್ರಿಂಗು ಸ್ವಲ್ಪ ಮುಂಗೋಪಿ," ಎಂದ ವ್ಯಾಪಾರಿ. "ಸಂಸಾರಸ್ಥರಿಗೆ ಅಭ್ಯಾಸ ಇರುತ್ತೆ ಬಿಡಿ."

ಇಲ್ಲಿಗೆ ಎಲ್ಲ ಸುಖವಾಗಿ ಮುಗಿಯಬೇಕಿತ್ತು. ಆದರೆ ಬಸ್ಸು ಕಾಯುತ್ತಿದ್ದಾಗ ಓಡೀಲಳ ತಮ್ಮ ಕ್ಲೋವಿಸ್ ಸಿಕ್ಕಿಬಿಟ್ಟ. ಊರಲ್ಲಿ ಕಾಫಿ ಅಂಗಡಿ ಇಟ್ಟಿರುವ ಕ್ಲೋವಿಸ್ ಬಳಿ ಕೊಂಬಿನ ಹಿಡಿಯ ಚಾಕು ಇತ್ತು, ಬೆನ್ನಿನ ಮೇಲೆ ಕೆತ್ತಿದ ಜೇನುನೊಣ ಬೇರೆ. ಕತ್ತರಿಸಲು ಏನೂ ಇಲ್ಲದಿದ್ದರೂ ಅದನ್ನು ಹೊರಗೆ ತೆಗೆದು ಉಗುರು ನೋಡಿಕೊಳ್ಳುವುದು ಅವನ ಚಾಳಿ.

"ಓಹೋ, ಹೊಸ ಚಾಕು! ಎಷ್ಟು ಕೊಟ್ಟೆ ಬಾವ?"

ಅಗ್ಗದ್ದು ಎನ್ನಲು ಅನ್ಸೆಲ್ಮನ ನಾಲಿಗೆ ಹೊರಳಲಿಲ್ಲ. ಸುಳ್ಳು ಬೆಲೆ ಹೇಳಲು ಧೈರ್ಯ ಸಾಲಲಿಲ್ಲ. ಇವೆರಡರ ನಡುವೆ ಸಿಕ್ಕಿಕೊಂಡ ಮನುಷ್ಯ ಏನು ಮಾಡಬೇಕೋ ಅದನ್ನೇ ಮಾಡಿದ, ಪಂಡಿತನಾಗಿಬಿಟ್ಟ.

"ಬೆಲೆ ನೋಡೋದು ದಡ್ಡರ ಕೆಲಸ ಕಣೋ ಕ್ಲೋವಿಸ್. ನಾನು ಗುಣ ನೋಡಿ ತಗೊಂಡೆ."

"ಏನದು ಗುಣ?"

"ಚಾಕುಗೆ ಮೂರು ಗುಣ ಇರ್ಬೇಕು," ಎಂದ ಅನ್ಸೆಲ್ಮ್. ಒಂದಾದರೂ ಗೊತ್ತಿದ್ದರೆ ಕೇಳಿ. "ಒಂದು, ಹಿಡಿತ. ಕಣ್ಣು ಮುಚ್ಚಿ ಹಿಡ್ಕೊಂಡ್ರೆ ಕೈ ಎಲ್ಲಿ ಮುಗೀತು, ಚಾಕು ಎಲ್ಲಿ ಶುರುವಾಯ್ತು ಅನ್ನೋದು ಗೊತ್ತಾಗ್ಬಾರ್ದು."

"ಬೆರಳು ಕುಯ್ದಾಗ ಗೊತ್ತಾಗುತ್ತೆ."

"ಎರಡು, ಅಲಗು. ಟೊಮ್ಯಾಟೊ ಮೇಲಿಟ್ರೆ ತನ್ನ ಭಾರಕ್ಕೇ ಇಳೀಬೇಕು. ಮೂರನೇದು..." ಇಲ್ಲಿ ಅವನಿಗೆ ಏನೂ ಹೊಳೆಯಲಿಲ್ಲ. ಗಾಬರಿಗೆ ಹೆಬ್ಬೆರಳು ಜಾರಿತು. ತಟಕ್! "ಇದೇ! ದನಿ! ಮಡಚಿದಾಗ ಚಾಕು ಬಾಯಿಬಿಟ್ಟು ಹೇಳ್ಬೇಕು, ನಾನು ಮುಚ್ಚಿದೀನಿ ಅಂತ. ನಿನ್ನ ಕೊಂಬಿನ ಚಾಕು ಮಡಚಿದ್ರೆ ಸದ್ದೇ ಇಲ್ಲ. ಕಳ್ಳನ ಹಾಗೆ ಮುಚ್ಕೊಳ್ಳುತ್ತೆ. ಅದನ್ನ ನಂಬೋದು ಹೇಗೆ?"

ಕ್ಲೋವಿಸ್ ತನ್ನ ಕೊಂಬಿನ ಚಾಕುವನ್ನು ಎರಡು ಸಲ ಮಡಚಿ ನೋಡಿ, ಮೆಲ್ಲಗೆ ಜೇಬಿಗೆ ಹಾಕಿಕೊಂಡ. ಅನ್ಸೆಲ್ಮನಿಗೆ ಇದರ ರುಚಿ ಹತ್ತಿಬಿಟ್ಟಿತು.

ಅಂಚೆಯವನಿಗೆ ರುಚಿ ಹತ್ತಿದರೆ ಊರಿಗೆ ಊರೇ ಅನುಭವಿಸಬೇಕು, ಯಾಕೆಂದರೆ ಅವನು ಹೋಗದ ಮನೆಯಿಲ್ಲ. ಮಾರನೆಯ ದಿನದಿಂದ ಕಾಗದ ಕೊಡುವ ಮೊದಲು ಚಾಕು ತೋರಿಸುವುದು ಶುರುವಾಯಿತು. ಹಿಡಿತ, ಅಲಗು, ದನಿ. ಒಬ್ಬಳು ಚೀಸು ಕತ್ತರಿಸಿ ನೋಡಿದಳು, ಒಬ್ಬ ದ್ರಾಕ್ಷಿಯ ಬಳ್ಳಿ ಸವರಿ ನೋಡಿದ. ನಿಜ ಹೇಳಬೇಕೆಂದರೆ ಚಾಕು ಚೆನ್ನಾಗಿಯೇ ಇತ್ತು. ಜನ ತಮ್ಮ ತಮ್ಮ ಚಾಕುಗಳನ್ನೂ ತಂದು ತೋರಿಸತೊಡಗಿದರು. ಅನ್ಸೆಲ್ಮ್ ಸೈಕಲ್ಲಿಗೆ ಒರಗಿ, ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಮಡಚಿ, ವೈದ್ಯರು ತಲೆಯಾಡಿಸುವ ಹಾಗೆ ತಲೆಯಾಡಿಸುತ್ತಿದ್ದ.

"ಹಿಡಿತ ಪರವಾಗಿಲ್ಲಮ್ಮ. ದನಿ ಬಿದ್ದುಹೋಗಿದೆ."

"ಅಯ್ಯೋ, ನಮ್ಮೆಜಮಾನ್ರದ್ದು ಕಣಪ್ಪ! ಅವ್ರದ್ದೂ ಹೋದ ವರ್ಷವೇ ದನಿ ಬಿದ್ದುಹೋಯ್ತು," ಎಂದು ಒಬ್ಬ ವಿಧವೆ ಕಣ್ಣೊರಸಿಕೊಂಡಳು.

ಶುಕ್ರವಾರ ಮಧ್ಯಾಹ್ನ ಕ್ಲೋವಿಸ್‌ನ ಅಂಗಡಿಯಲ್ಲಿ ಅನ್ಸೆಲ್ಮ್ ಇದೇ ಉಪನ್ಯಾಸ ಕೊಡುತ್ತಿದ್ದ. ಮೂಲೆಯ ಮೇಜಿನಲ್ಲಿ ಅನ್ಸೆಲ್ಮನ ಪಕ್ಕದ ಮನೆಯ ಮುದುಕ ಬಾರ್ನಬೆ ಸಾಸೇಜು ತಿನ್ನುತ್ತಿದ್ದ. ಚಿಕ್ಕಂದಿನಿಂದ ಕಟ್ಟುನಿಟ್ಟಾದ ಅಪ್ಪನ ಮನೆಯಲ್ಲಿ ಬೆಳೆದ ಪ್ರಾಣಿ. ಅನ್ಸೆಲ್ಮ್ "ಮೂರನೇದು, ದನಿ" ಎಂದು ತಟಕ್ ಎನ್ನಿಸಿದ್ದೇ ತಡ, ಬಾರ್ನಬೆ ಫೋರ್ಕು ಕೆಳಗಿಟ್ಟು, ಎದ್ದು ನಿಂತು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಅರ್ಧ ಸಾಸೇಜು ಬಿಟ್ಟು ಹೊರಟೇಹೋದ. ಬಾಗಿಲು ದಾಟಿದ ಮೇಲೆ ಅವನಿಗೆ ಹಸಿವು ನೆನಪಾಯಿತು. ಆದರೆ ಎದ್ದ ಊಟಕ್ಕೆ ಮತ್ತೆ ಕೂರುವವರು ನಮ್ಮಲ್ಲಿ ಯಾರೂ ಇಲ್ಲ.

ಅಂಗಡಿ ಬಿದ್ದುಬಿದ್ದು ನಕ್ಕಿತು. ಈ ನಗು ಅನ್ಸೆಲ್ಮನಿಗಿಂತ ಮೊದಲೇ ಅವನ ಮನೆ ತಲುಪಿತ್ತು. ಓಡೀಲ್ ಸೌಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಕೇಳಿ ಇಲ್ಲಿ. ಭಾನುವಾರ ಸೂಪು, ಆಮೇಲೆ ಹಂದಿ ತೊಡೆ, ಆಮೇಲೆ ಅಲಿಗೊ, ಕುರಿ ಮಾಂಸ, ಚೀಸು, ಪ್ಲಮ್ ಹಣ್ಣಿನ ಟಾರ್ಟು, ಕಾಫಿ. ಕಾಫಿಗೆ ಮುಂಚೆ ಆ ಚಾಕು ಏನಾದ್ರೂ ಬಾಯಿಬಿಟ್ರೆ ನೀವೂ ನಿಮ್ಮ ಚಾಕೂ ಕೊಟ್ಟಿಗೇಲಿ ಸಂಸಾರ ಮಾಡ್ಕೊಳ್ಳಿ."

"ನನಗಷ್ಟೂ ಗೊತ್ತಾಗಲ್ವೇನೆ?"

"ಅಪ್ಪ," ಎಂದಳು ಸೊಲಾಂಜ್ ಅಡುಗೆಮನೆಯಿಂದ, "ಕೈ ಮುಗೀತೀನಿ."

ಭಾನುವಾರ ಬಂತು. ತಿಯೊಡೋರ್ ಕರಿ ಕೋಟು ಹಾಕಿ, ಹೆಂಡತಿ ಮಗನನ್ನು ಹಿಂದಿಟ್ಟುಕೊಂಡು ಬಂದ. ಸೋದರಮಾವನೆಂಬ ಹಕ್ಕಿನಿಂದ ಕ್ಲೋವಿಸ್ ಕೂಡ ಹಾಜರಾದ. ಅನ್ಸೆಲ್ಮ್ ಮೇಜಿನ ತಲೆಗೆ ಕೂತು, ದೇವರ ಹೆಸರು ಹೇಳಿ, ಚಾಕು ಬಿಚ್ಚಿದ. ಸೂಪು ಬಂತು, ಹೋಯಿತು. ತಿಯೊಡೋರ್ ಒಂದು ಮಾತೂ ಆಡಲಿಲ್ಲ, ಆದರೆ ಎರಡನೇ ಸಲ ಹಾಕಿಸಿಕೊಂಡ. ಅಡುಗೆಮನೆಯಲ್ಲಿ ತಾಯಿ ಮಗಳು ಒಬ್ಬರ ಕೈ ಒಬ್ಬರು ಹಿಂಡಿಕೊಂಡರು.

ಹಂದಿ ತೊಡೆ ಬಂತು. ಅನ್ಸೆಲ್ಮ್ ಅದನ್ನು ತೆಳ್ಳಗೆ, ಕಾಗದದ ಹಾಗೆ ಹೆರೆದು ಬಡಿಸಿದ. ತಿಯೊಡೋರ್ ಆ ತುಂಡುಗಳನ್ನು ನೋಡಿದ. ಚಾಕು ನೋಡಿದ. ಕೈ ಚಾಚಿದ.

"ಕೊಡು."

ಅಂಗೈಯಲ್ಲಿಟ್ಟು ತೂಗಿದ. ತಾನೇ ಒಂದು ತುಂಡು ಹೆರೆದ. "ಹಿಡಿತ ಇದೆ," ಎಂದು ಹಿಂದಿರುಗಿಸಿದ.

ತಿಯೊಡೋರನ ಬಾಯಲ್ಲಿ ಇದು ಒಂದು ವರ್ಷಕ್ಕೆ ಸಾಲುವ ಹೊಗಳಿಕೆ. ಅನ್ಸೆಲ್ಮ್ ಕುರ್ಚಿಯಲ್ಲಿ ಒಂದು ಗೇಣು ಎತ್ತರವಾದ. ಇದನ್ನು ಸಹಿಸುವುದು ಕ್ಲೋವಿಸ್‌ನಿಂದ ಆಗಲಿಲ್ಲ.

"ಹಿಡಿತ ಏನೋ ಇದೆ," ಎಂದ ಅವನು, ತನ್ನ ಜೇನುನೊಣವನ್ನು ಬೆಳಕಿಗೆ ಹೊರಳಿಸುತ್ತ. "ಬುಟ್ಟಿ ಮಾಲಿಗೆ ಒಂದೇ ತೊಂದರೆ. ಬಿಚ್ಚಿದ್ದು ಸರಿಯಾಗಿ ಮುಚ್ಚಲ್ಲ. ಸ್ಪ್ರಿಂಗು ಸಿಕ್ಕಾಕಿಕೊಳ್ಳುತ್ತೆ."

"ಯಾವನೋ ಹೇಳಿದ್ದು ಸಿಕ್ಕಾಕಿಕೊಳ್ಳುತ್ತೆ ಅಂತ?"

"ಹೋಗ್ಲಿ ಬಿಡು ಬಾವ. ಅಗ್ಗದ್ದು ಅಂದ್ಮೇಲೆ ಅಷ್ಟೇ."

'ಅಗ್ಗದ್ದು' ಎಂಬ ಮಾತು ಬೀಗರಾಗುವವರ ಮುಂದೆ ಬಿತ್ತು! ಅನ್ಸೆಲ್ಮನಿಗೆ ಹೆಂಡತಿಯ ಸೌಟೂ ನೆನಪಿತ್ತು, ಮಗಳ ಕೈಮುಗಿತವೂ ನೆನಪಿತ್ತು. ಆದ್ದರಿಂದ ಅವನು ಒಂದು ಉಪಾಯ ಹೂಡಿದ. ಚಾಕುವನ್ನು ಮೇಜಿನ ಕೆಳಗೆ ತೆಗೆದುಕೊಂಡು ಹೋಗಿ, ಕೈವಸ್ತ್ರದಲ್ಲಿ ಸುತ್ತಿ, ತೊಡೆಗಳ ನಡುವೆ ಒತ್ತಿ ಹಿಡಿದು, ಸದ್ದಾಗದ ಹಾಗೆ ಅರ್ಧ ಮಡಚಿ, ಮತ್ತೆ ಬಿಚ್ಚಿ ತೋರಿಸುವುದು. ನಿಧಾನಕ್ಕೆ, ಉಸಿರು ಹಿಡಿದು ಒತ್ತಿದ. ಕೈವಸ್ತ್ರ ಜಾರಿತು. ಚಾಕು ಮರದ ಕುರ್ಚಿಗೆ ತಗುಲಿ, ಕುರ್ಚಿ ತಮಟೆಯ ಹಾಗೆ ದನಿಗೂಡಿಸಿ, ಇಡೀ ವಾರದಲ್ಲಿ ಎಂದೂ ಕೇಳದಂಥ ಒಂದು

ತಟಕ್!

ತಿಯೊಡೋರ್ ಎದ್ದ. ಅವನ ಹೆಂಡತಿ ಎದ್ದಳು. ರೆಜಿಸ್ ಬಾಯಲ್ಲಿ ಫೋರ್ಕು ಇಟ್ಟುಕೊಂಡೇ ಎದ್ದ. ಮಾತು ಹಚ್ಚಿದ ಕ್ಲೋವಿಸ್ ಕೂಡ, ಅಭ್ಯಾಸಬಲದಿಂದ, ಎದ್ದು ನಿಂತ. ಇದೇ ಹೊತ್ತಿಗೆ ಓಡೀಲ್ ಅಲಿಗೊ ಪಾತ್ರೆ ಹೊತ್ತು ಬಂದಳು. ಚೀಸು ಬೆರೆಸಿ ಕುಟ್ಟಿದ ಆಲೂಗಡ್ಡೆ ಸೌಟಿನಿಂದ ಮಾರುದ್ದ ಎಳೆ ಬಿಟ್ಟು ಇಳಿಯುತ್ತಿತ್ತು. ಎಲ್ಲರೂ ನಿಂತಿರುವುದನ್ನು ಕಂಡು, ತನ್ನ ಅಲಿಗೊಗೆ ಗೌರವ ತೋರಿಸುತ್ತಿದ್ದಾರೆಂದು ಒಂದು ಕ್ಷಣ ಹಿಗ್ಗಿದಳು, ಪಾಪ.

"ಊಟ ಚೆನ್ನಾಗಿತ್ತಮ್ಮ," ಎಂದ ತಿಯೊಡೋರ್ ಟೋಪಿ ತೆಗೆದುಕೊಳ್ಳುತ್ತ.

"ಊಟ ಎಲ್ಲಿ ಆಯ್ತು! ಇದು ಕೈ ಜಾರಿ... ರೀ, ಹೇಳ್ರೀ!"

"ಕೈ ಜಾರ್ತು," ಎಂದ ಅನ್ಸೆಲ್ಮ್. "ಸ್ವಾಮಿ, ದನಿ ತೋರಿಸೋಕೆ ಅಂತ... ಮತ್ತೆ ಬಿಚ್ತೀನಿ ನೋಡಿ."

"ಯಜಮಾನ ಮಡಚಿದ ಮೇಲೆ ಕೂತು ತಿನ್ನೋರು ಭಿಕ್ಷುಕರು," ಎಂದ ತಿಯೊಡೋರ್. ಅವನಿಗೆ ಅದು ದೀರ್ಘ ಭಾಷಣವೇ. ಬಾಗಿಲಲ್ಲಿ ನಿಂತು ಇನ್ನೊಂದನ್ನು ಸೇರಿಸಿದ. "ಸೂಪು, ಎರಡು ತುಂಡು ಮಾಂಸ, ಆಮೇಲೆ ಬಾಗಿಲು. ಗೊತ್ತಾಯ್ತು."

ಸೊಲಾಂಜ್ ಅಳುತ್ತ ಅಟ್ಟ ಹತ್ತಿದಳು. ಓಡೀಲ್ ಪಾತ್ರೆ ಇಟ್ಟು ಗಂಡನನ್ನು ನೋಡಿದಳು. ಆ ನೋಟವನ್ನು ವರ್ಣಿಸಲು ಈ ಕಥೆಗಾರನಿಗೆ ಧೈರ್ಯವಿಲ್ಲ. ಕ್ಲೋವಿಸ್ ಮಾತ್ರ, "ಅಕ್ಕ, ಅಲಿಗೊ ಆರಿಹೋಗುತ್ತಲ್ಲ" ಎಂದು ಹೇಳಿ ಸೌಟಿನ ಏಟು ತಿಂದ.

ಆ ವಾರ ಅನ್ಸೆಲ್ಮ್ ಸೈಕಲ್ ತುಳಿದ ದಾರಿಯೆಲ್ಲ ಮುಳ್ಳಾಯಿತು. ಹೋದಲ್ಲೆಲ್ಲ ಒಂದೇ ಮಾತು.

"ಬಾಪ್ಪ ಅನ್ಸೆಲ್ಮ್, ಒಂದು ತುತ್ತು ತಿಂದು ಹೋಗು. ಇಲ್ಲಾ, ಚಾಕು ಮಡಚಿಬಿಡ್ಲಾ?"

"ನಮ್ಮತ್ತೆ ಬಂದು ತಿಂಗಳಾಯ್ತು ಕಣಯ್ಯ, ಏಳ್ತಾನೇ ಇಲ್ಲ. ನಿನ್ನ ಚಾಕು ಒಂದಿನ ಎರವಲು ಕೊಡ್ತೀಯಾ?"

ಪಾದ್ರಿಗಳು ಕೂಡ, ಕಾಗದ ತೆಗೆದುಕೊಳ್ಳುತ್ತ, ಉಪದೇಶ ಉದ್ದವಾಯಿತೆಂದು ಯಾರಿಗಾದರೂ ಅನ್ನಿಸಿದರೂ ಚಾಕು ಮಾತ್ರ ಇಗರ್ಜಿಗೆ ತರಬಾರದೆಂದು ಮೆಲ್ಲನೆ ಹೇಳಿದರು. ಮನೆಯಲ್ಲಿ ಮಗಳು ಮಾತಾಡುತ್ತಿರಲಿಲ್ಲ. ಹೆಂಡತಿ ಮಾತಾಡುತ್ತಿದ್ದಳು, ಅದು ಇನ್ನೂ ಕಷ್ಟ. ಚಾಕುವನ್ನು ಹೊಳೆಗೆ ಎಸೆಯಲೆಂದು ಸೇತುವೆಯವರೆಗೆ ಹೋದ. ಎಸೆಯುವ ಮುಂಚೆ ಕೊನೆಯದಾಗಿ ಒಂದು ಸೇಬು ಸುಲಿದ. ಸಿಪ್ಪೆ ಒಂದೇ ಎಳೆಯಾಗಿ ಬಂತು. ಸೇಬು ತಿಂದು, ಚಾಕುವನ್ನು ಜೇಬಿಗೆ ಹಾಕಿಕೊಂಡು ವಾಪಸು ಬಂದ.

ಶುಕ್ರವಾರ ಮೇಯರು ಸ್ವತಃ ಬಂದರು. "ಅನ್ಸೆಲ್ಮ್, ನಾಳೆ ಜಾನುವಾರು ಪ್ರದರ್ಶನ. ಉಪಜಿಲ್ಲಾಧಿಕಾರಿಗಳು ಬರ್ತಿದಾರೆ. ಸಂತೆಕಟ್ಟೆಯ ಸೂರಿನ ಕೆಳಗೆ ಊರಿಗೆಲ್ಲ ಊಟ. ನೀನೂ ಬಾ, ಬೇಡ ಅನ್ನಲ್ಲ. ಆದ್ರೆ ಆ ಚಾಕು ಮನೇಲಿ ಬಿಟ್ಟು ಬಾ."

"ಚಾಕು ಇಲ್ದೆ ಊಟ ಹೇಗೆ ಮಾಡ್ಲಿ ಸ್ವಾಮಿ?"

"ಹಲ್ಲಿದೆಯಲ್ಲ," ಎಂದರು ಮೇಯರು.

ಶನಿವಾರ ಬೆಳಗ್ಗೆ ಪ್ರದರ್ಶನ ಭರ್ಜರಿಯಾಗಿ ನಡೆಯಿತು. ತಿಯೊಡೋರನ ಹಸು ಮಾರ್ಕೀಸ್‌ಗೆ ಮೊದಲ ಬಹುಮಾನ ಬಂತು. ಕೆಚ್ಚಲು ತುಂಬಿ ಕಾಣಲೆಂದು ಬಹುಮಾನದ ಹಸುಗಳನ್ನು ಹಿಂದಿನ ದಿನದಿಂದ ಕರೆದಿರುವುದಿಲ್ಲ. ಊಟ ಮುಗಿದ ಕೂಡಲೇ ಹೋಗಿ ಕರೆಯುವುದು ವಾಡಿಕೆ. ಊಟಕ್ಕೆ ಎಲ್ಲರೂ ಉದ್ದುದ್ದ ಮೇಜುಗಳಿಗೆ ಕೂತರು. ಅಧಿಕಾರಿಗಳಿಗೆ ತಲೆಯ ಕಡೆಯ ಜಾಗ. ಪಟ್ಟಣದ ಮನುಷ್ಯ, ಜೇಬಿನಲ್ಲಿ ಚಾಕು ಇರುವುದಿಲ್ಲವೆಂದು ಮೇಯರ ಹೆಂಡತಿ ತನ್ನ ಮದುವೆಯ ಪೆಟ್ಟಿಗೆಯಿಂದ ಬೆಳ್ಳಿಯ ಊಟದ ಚಾಕು ತೆಗೆದು, ಫಳಫಳ ಉಜ್ಜಿ ಇಟ್ಟಿದ್ದಳು.

ಊಟ ಸೊಗಸಾಗಿ ಆಯಿತು. ಕಾಫಿಯೂ ಆಯಿತು. ಅಧಿಕಾರಿಗಳು ಎದ್ದು ಹಾಲಿನ ಮೇಲೆ ಒಂದು ಭಾಷಣ ಮಾಡಿ, ಚಪ್ಪಾಳೆ ಗಿಟ್ಟಿಸಿ, ಕೂತರು. ಈಗ ಜನ ಏಳಬೇಕು. ಜನ ಏಳಲಿಲ್ಲ. ಮೇಜಿನ ತಲೆಗೆ ಕೂತವರು ಚಾಕು ಮಡಚದೆ ಏಳುವುದೆಂತು? ಎಲ್ಲರ ಕಣ್ಣೂ ಆ ಬೆಳ್ಳಿಯ ಚಾಕುವಿನ ಮೇಲೆ ನೆಟ್ಟಿತ್ತು. ಆ ಚಾಕುವಾದರೋ, ದೇವರಾಣೆ, ಮಡಚುವ ಜಾತಿಯದಲ್ಲ!

ಯಾರೂ ಕದಲದಿರುವುದನ್ನು ಅಧಿಕಾರಿಗಳು ನೋಡಿದರು. ಎಲ್ಲರೂ ಉಸಿರು ಬಿಗಿಹಿಡಿದು ತಮ್ಮ ಕಡೆಗೇ ನೋಡುತ್ತಿದ್ದಾರೆ. ಅವರ ಎದೆ ತುಂಬಿ ಬಂತು. ಎಂಥ ಜನ! ಇನ್ನೂ ಕೇಳಬೇಕೆಂದಿದ್ದಾರೆ! ಎದ್ದು ಚರಂಡಿಗಳ ಮೇಲೆ ಮಾತಾಡಿದರು. ಕೂತರು. ಜನ ಕದಲಲಿಲ್ಲ. ಎದ್ದು ಗೊಬ್ಬರದ ಮೇಲೆ ಮಾತಾಡಿದರು. ಅದೂ ಮುಗಿಯಿತು. ಜನ ನೋಡುತ್ತಲೇ ಇದ್ದರು. ಕೊನೆಗೆ ತಮ್ಮ ಬಾಲ್ಯದ ಕಡೆಗೆ ತಿರುಗಿದರು, ಅದರಲ್ಲಿ ಅವರಜ್ಜಿಯ ಭಾಗ ಬಹಳ ದೀರ್ಘವಾಗಿತ್ತು.

ಹೊರಗೆ ಮಾರ್ಕೀಸ್ ಕೂಗಿತು. ಅದರ ಹಿಂದೆ ಉಳಿದ ಹಸುಗಳೂ ಕೂಗಿದವು. ತಿಯೊಡೋರನ ಮುಖ ಬಿಳಿಚಿಕೊಂಡಿತ್ತು. ಮೊದಲ ಬಹುಮಾನದ ಹಸು, ಕೆಚ್ಚಲು ಸಿಡಿಯುವ ಹಾಗಾಗಿದೆ, ಯಜಮಾನ ಇಲ್ಲಿ ಬೆಂಚಿಗೆ ಮೊಳೆ ಹೊಡೆದ ಹಾಗೆ ಕೂತಿದ್ದಾನೆ. ಆದರೆ ಎದ್ದನೇ? ಪ್ರಾಣ ಹೋದರೂ ಏಳುವ ಆಸಾಮಿಯಲ್ಲ ಅದು.

"ಇನ್ನು ಸ್ವಲ್ಪ ಹೊತ್ತಾದ್ರೆ ಅದರ ಕೆಚ್ಚಲಿಗೆ ಬಾವು ಬರುತ್ತೆ," ಎಂದು ಪಕ್ಕದವನಿಗೆ ಹೇಳಿದ. ಅವನ ಕಣ್ಣಲ್ಲಿ ನೀರಿತ್ತು.

ಮೇಯರು ಬೆವರುತ್ತ ಕ್ಲೋವಿಸ್‌ನ ಕಿವಿಗೆ ಬಾಗಿದರು. "ನಿನ್ನ ಕೊಂಬಿನ ಚಾಕು ಕೊಡಯ್ಯ ಅವರ ಕೈಗೆ. ಮಡಚಲಿ."

ಕ್ಲೋವಿಸ್ ಎದೆಯುಬ್ಬಿಸಿ ಹೋಗಿ ಜೇನುನೊಣದ ಚಾಕುವನ್ನು ಬಿಚ್ಚಿ ಒಪ್ಪಿಸಿದ. ಅಧಿಕಾರಿಗಳು ಅಜ್ಜಿಯನ್ನು ಅಷ್ಟಕ್ಕೇ ನಿಲ್ಲಿಸಿ, "ಬಹಳ ಚೆಂದ" ಎಂದು ಮಡಚಿ ಹಿಂದಿರುಗಿಸಿದರು. ಮಡಚಿದರು ನಿಜ. ಆದರೆ ಎಣ್ಣೆ ಉಂಡ ಆ ಮಹಾನುಭಾವ ಚಾಕು ಉಸಿರನ್ನೂ ಬಿಡಲಿಲ್ಲ. ಹತ್ತಿರದ ನಾಲ್ಕು ಜನ ಅರ್ಧ ಎದ್ದರು. ಉಳಿದವರು ಕೂತೇ ಇರುವುದನ್ನು ಕಂಡು ನಾಚಿ ಕೂತರು. ಅಧಿಕಾರಿಗಳು ಅಜ್ಜಿಯನ್ನು ಬಿಟ್ಟಲ್ಲಿಂದ ಎತ್ತಿಕೊಂಡರು.

ಆಗ ಮೇಯರ ಕಣ್ಣು ಮೇಜುಗಳ ಕಟ್ಟಕಡೆಗೆ, ನೀರಿನ ತೊಟ್ಟಿಯ ಪಕ್ಕ, ಫೋರ್ಕಿನಿಂದ ಬ್ರೆಡ್ಡಿನೊಡನೆ ಕುಸ್ತಿ ಮಾಡುತ್ತಿದ್ದ ಅಂಚೆಯವನ ಮೇಲೆ ಬಿತ್ತು. ಬಗ್ಗಿಕೊಂಡು ಅಲ್ಲಿಗೆ ಓಡಿದರು.

"ಅನ್ಸೆಲ್ಮ್, ಚಾಕು ತಂದಿದೀಯಾ?"

"ಇಲ್ಲ ಸ್ವಾಮಿ. ತಾವೇ ಬೇಡ ಅಂದ್ರಲ್ಲ."

"ಮುಖ ನೋಡಿದ್ರೆ ಗೊತ್ತಾಗುತ್ತೆ ಕಣೋ. ಎಲ್ಲಿದೆ?"

"...ಬೂಟೊಳಗೆ."

"ತೆಗಿ. ನನ್ನಪ್ಪ, ನನ್ನ ದೊರೆ, ಬೇಗ ತೆಗಿ."

ಹೀಗೆ ಅಂಚೆಯ ಅನ್ಸೆಲ್ಮ್ ಬೂಟಿನಿಂದ ಚಾಕು ತೆಗೆದು, ತೋಳಿಗೆ ಒರಸಿ, ಇಡೀ ಊರಿನ ಕಣ್ಣ ಮುಂದೆ, ಆ ಉದ್ದ ಸೂರಿನ ಈ ತುದಿಯಿಂದ ಆ ತುದಿಗೆ ನಡೆದ. ಅಂಚೆ ಟೋಪಿ ತಲೆಯ ಮೇಲೆ ನೆಟ್ಟಗಿತ್ತು. ತಿಯೊಡೋರನ ಬೆಂಚನ್ನು ದಾಟುವಾಗ ಅವನು ಆಚೀಚೆ ನೋಡಲಿಲ್ಲ.

"ಸ್ವಾಮಿ," ಎಂದರು ಮೇಯರು, "ಇವರು ನಮ್ಮೂರಿನ ಚಾಕು ತಜ್ಞರು. ಇದನ್ನ ತಾವೊಮ್ಮೆ ಪರೀಕ್ಷೆ ಮಾಡ್ಬೇಕು ಅಂತ ಇವರ ಆಸೆ."

"ಹಿಡಿತ, ಅಲಗು, ದನಿ," ಎಂದ ಅನ್ಸೆಲ್ಮ್. ಬಿಚ್ಚಿದ ಚಾಕುವನ್ನು ಹಿಡಿಯ ಕಡೆಯಿಂದ ಒಪ್ಪಿಸಿದ.

ಅಧಿಕಾರಿಗಳು ಅದನ್ನು ಅಂಗೈಗೆ ತೆಗೆದುಕೊಂಡರು. ಹುಬ್ಬು ಮೇಲೇರಿತು. "ಅರೆ! ಎಷ್ಟು ಚೆನ್ನಾಗಿ ಕೂರುತ್ರೀ ಇದು!" ಒಂದು ಪೇರು ಹಣ್ಣು ಎತ್ತಿಕೊಂಡು ಸುಲಿಯತೊಡಗಿದರು. ಇಡೀ ಊರು ಉಸಿರು ಕಟ್ಟಿ ಅಲಗನ್ನೇ ನೋಡಿತು. ಸಿಪ್ಪೆ ಇಳಿಯಿತು, ಇಳಿಯಿತು, ಬಿತ್ತು. "ಆಹಾ," ಎಂದು ಅವರು ಇನ್ನೊಂದು ಪೇರು ತೆಗೆದುಕೊಂಡರು. ಹೊರಗೆ ಮಾರ್ಕೀಸ್ ಎದೆಯೊಡೆಯುವ ಹಾಗೆ ಕೂಗಿತು. ತಿಯೊಡೋರ್ ಎರಡು ಕೈಗಳಿಂದ ಬೆಂಚು ಹಿಡಿದುಕೊಂಡ. ಎರಡನೆಯದು ಮುಗಿದು, ಕೈ ಮೂರನೆಯ ಪೇರಿನ ಕಡೆಗೆ ಹೋಗುತ್ತಿದ್ದಾಗ ಯಾರೋ ಹೆಂಗಸು ಬಿಕ್ಕಿದ್ದು ಕೇಳಿಸಿತು.

"ಸ್ವಾಮಿ," ಎಂದ ಅನ್ಸೆಲ್ಮ್, "ಹಿಡಿತ ಆಯ್ತು, ಅಲಗು ಆಯ್ತು. ಮೂರನೇ ಗುಣ ಬಾಕಿ ಇದೆ."

"ಹೌದಲ್ವೇ! ದನಿ ಅಂದ್ರೇನು?"

"ಮಡಚಿ ನೋಡಿ, ಸ್ವಾಮಿ."

ತಟಕ್!

ತಗಡಿನ ಸೂರು ಅದನ್ನು ಹಿಡಿದು ಎರಡು ಸಲ ಗುಡುಗಿತು. ಊರಿಗೆ ಊರೇ, ಒಂದೇ ದೇಹವಾಗಿ, ಎದ್ದು ನಿಂತಿತು. ಬೆಂಚುಗಳು ಧಡಧಡ ಉರುಳಿದವು. ಮುದುಕ ಬಾರ್ನಬೆ ಶಿಲುಬೆಯ ಗುರುತು ಮಾಡಿಕೊಂಡ. "ಬದುಕಿದ್ವಪ್ಪ!" ಎಂದು ಯಾರೋ ಕೂಗಿದರು, ಯಾರೋ ಚಪ್ಪಾಳೆ ತಟ್ಟಿದರು, ಆ ಖುಷಿಗೆ ಎಲ್ಲರೂ ತಟ್ಟಿದರು.

ಉಪಜಿಲ್ಲಾಧಿಕಾರಿಗಳು ಕನ್ನಡಕ ತೆಗೆದು ಕಣ್ಣೊರಸಿಕೊಂಡರು. "ಎಷ್ಟೋ ಊರಲ್ಲಿ ಮಾತಾಡಿದೀನಿ ಮೇಯರೇ. ಜನ ಹೀಗೆ ಎದ್ದು ನಿಂತು ಮೆಚ್ಚಿದ್ದು ಇದೇ ಮೊದಲು. ಅದೂ ನಮ್ಮಜ್ಜಿ ವಿಷಯಕ್ಕೆ!"

"ಅವರ ಪುಣ್ಯ ಸ್ವಾಮಿ," ಎಂದರು ಮೇಯರು.

ಜನರ ಪ್ರವಾಹವೆಲ್ಲ ಹಸುಗಳ ಕಡೆಗೆ ಹರಿಯುತ್ತಿದ್ದಾಗ ತಿಯೊಡೋರ್ ಮಾತ್ರ, ಬಕೆಟ್ ಹಿಡಿದು ಓಡುತ್ತಿದ್ದವನು, ಅನ್ಸೆಲ್ಮನ ಮುಂದೆ ಒಂದು ಗಳಿಗೆ ನಿಂತ. ಅವನ ಹೆಗಲನ್ನು ಹಿಡಿದು ಅಲ್ಲಾಡಿಸಿದ.

"ದನಿ ಇದೆ," ಎಂದ. "ನಾಳೆ ಊಟಕ್ಕೆ ಬರ್ತೀವಿ. ಸೂಪಾದ ಮೇಲೂ ಏನಾದ್ರೂ ಇರುತ್ತೆ ತಾನೆ?"

ಮಾರನೆಯ ದಿನ ಅದೇ ಮೇಜು, ಅದೇ ಜನ. ಮಾರ್ಕೀಸ್ ಕ್ಷೇಮವಾಗಿತ್ತು. ಅನ್ಸೆಲ್ಮ್ ಚಾಕು ಬಿಚ್ಚಿದವನು ಈ ಸಲ ಅದನ್ನು ತಟ್ಟೆಯ ಪಕ್ಕ ಇಟ್ಟು, ಮಲಗಿದ ಹಾವಿನ ಹತ್ತಿರ ಕೂತ ಹಾಗೆ ಕೂತ. ಸೂಪು ಆಯಿತು, ಹಂದಿ ತೊಡೆ ಆಯಿತು, ಅಲಿಗೊ ಮಾರುದ್ದ ಎಳೆ ಬಿಟ್ಟು ಇಳಿದು ಖಾಲಿಯಾಯಿತು. ಕುರಿ, ಚೀಸು, ಟಾರ್ಟು, ಕಾಫಿ. ತಿಯೊಡೋರ್ ಎಲ್ಲವನ್ನೂ ಉಂಡ, ಯಾವುದರ ಬಗ್ಗೆಯೂ ಏನೂ ಹೇಳಲಿಲ್ಲ. ಮದುವೆಯ ಸುದ್ದಿಯಂತೂ ಇಲ್ಲವೇ ಇಲ್ಲ. ಸೊಲಾಂಜ್ ಬಾಗಿಲ ಸಂದಿಯಲ್ಲಿ ನಿಂತು ಸೆರಗಿನಂತೆ ಅಡುಗೆಯ ಏಪ್ರನ್ನನ್ನು ಹಿಂಡುತ್ತಿದ್ದಳು.

ಅನ್ಸೆಲ್ಮ್ ಚಾಕು ಮುಟ್ಟಲಿಲ್ಲ. ಓಡೀಲ್ ಕಣ್ಸನ್ನೆ ಮಾಡಿದಳು. ಅವನು ತಲೆಯಲ್ಲಾಡಿಸಿದ. ಅವಳು ಪ್ಲಮ್ ಬ್ರಾಂದಿ ತಂದಳು. ಅದೂ ಮುಗಿಯಿತು. ಉಳಿದ ಟಾರ್ಟು ತಂದಳು.

"ಬಾವ, ಮಡಚೋ," ಎಂದು ಕ್ಲೋವಿಸ್ ಹೊಟ್ಟೆ ಹಿಡಿದುಕೊಂಡು ಪಿಸುಗುಟ್ಟಿದ. "ನಿನ್ನ ಕಾಲಿಗೆ ಬೀಳ್ತೀನಿ."

"ಸುಮ್ನೆ ತಿನ್ನೋ. ಹೋದ್ಸಲ ಮಡಚಿದ್ದಕ್ಕೆ ತಾನೆ ಆಗಿದ್ದು?"

"ರೀ, ಸಾಕು, ಮಡಚ್ರೀ," ಎಂದಳು ಓಡೀಲ್ ಹಲ್ಲು ಕಚ್ಚಿ.

"ನಾ ಮಡಚಲ್ಲ ಕಣೇ. ಅವರ ಬಾಯಿಂದ ಒಂದು ಮಾತು ಬರೋವರೆಗೂ ಈ ಊಟ ಮುಗಿಯಲ್ಲ," ಎಂದ ಅನ್ಸೆಲ್ಮ್, ಎಲ್ಲರಿಗೂ ಕೇಳುವ ಹಾಗೆ.

ಹೊತ್ತು ಇಳಿಯಿತು. ಟಾರ್ಟು ಎರಡನೆಯ ಸುತ್ತು ಬಂತು. ತಿಯೊಡೋರ್ ಬೆಲ್ಟನ್ನು ಒಂದು ತೂತು ಸಡಿಲಿಸಿದ. ಮತ್ತೊಂದು ಸಡಿಲಿಸಿದ. ಮೂರನೆಯ ತೂತು ಇರಲಿಲ್ಲ. ಕಿಟಕಿಯಾಚೆ ಮೇಲಿನ ಹಳ್ಳಿಯ ದಾರಿಯನ್ನು ನೋಡಿದ. ಹಣೆ ಒರಸಿಕೊಂಡ.

"ಬೀಗರೇ," ಎಂದ, "ದಯಮಾಡಿ ಚಾಕು ಮಡಚಿ. ಹಾಲು ಕರಿಯೋ ಹೊತ್ತಾಯ್ತು."

ಅಡುಗೆಮನೆಯಲ್ಲಿ ಏನೋ ಠಣ್ ಎಂದು ಬಿತ್ತು. ರೆಜಿಸ್ ಕೆಂಪಾದ. ಅನ್ಸೆಲ್ಮ್ ಮೇಜಿನ ಮೇಲೆ ಮುಂದಕ್ಕೆ ಬಾಗಿದ.

"ಏನಂದ್ರಿ?"

"ಚಾಕು ಮಡಚಿ ಅಂದೆ."

"ಅದಕ್ಕೆ ಮುಂಚೆ?"

"ಬೀಗರೇ ಅಂದೆ," ಎಂದ ತಿಯೊಡೋರ್ ರೇಗಿ. "ಚಾಕುಗೆ ಅಷ್ಟು ದನಿ ಕೊಟ್ಟ ದೇವರು ನಿಮಗೆ ಕಿವಿ ಕೊಟ್ಟಿಲ್ವಾ?"

ಸೊಲಾಂಜ್ ಓಡಿಬಂದು ಅಪ್ಪನ ಕೊರಳಿಗೆ ಬಿದ್ದಳು. ಓಡೀಲ್ ಅಳುತ್ತಾ ನಗುತ್ತಾ ಬೀಗಿತ್ತಿಯನ್ನು ತಬ್ಬಿಕೊಂಡಳು. ಅನ್ಸೆಲ್ಮ್ ನಿಧಾನವಾಗಿ, ಅಂಚೆ ಟೋಪಿ ನೆಟ್ಟಗಿದೆಯೇ ಎಂದು ನೋಡಿಕೊಂಡು, ತನ್ನ ಅಗ್ಗದ ಚಾಕುವನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ.

ತಟಕ್!

ಗೋಡೆಯಾಚೆ, ತನ್ನ ಮನೆಯಲ್ಲಿ ಆಗಷ್ಟೇ ಸೂಪಿಗೆ ಕೂತಿದ್ದ ಮುದುಕ ಬಾರ್ನಬೆ ಚಮಚ ಕೆಳಗಿಟ್ಟು, ಎದ್ದು ನಿಂತು, ಶಿಲುಬೆಯ ಗುರುತು ಮಾಡಿಕೊಂಡ.